ಬೂಟ್ ಪಟ್ಟಿಯಲ್ಲಿ ಹೊಸ ಎಸ್‌ಎಸ್‌ಡಿ ಇಲ್ಲ, ಹಳೇ ಡಿಸ್ಕ್ ತೆಗೆದರೆ ಕಂಪ್ಯೂಟರ್ ಏಳುವುದೇ ಇಲ್ಲ

ಹೊಸಡಿಸ್ಕ್:
ಎಲ್ಲರಿಗೂ ನಮಸ್ಕಾರ. ನನ್ನ ಡೆಸ್ಕ್‌ಟಾಪ್‌ನಲ್ಲಿ ಮೊದಲಿನಿಂದ 1 ಟಿಬಿ ಹಾರ್ಡ್ ಡಿಸ್ಕ್ ಇದೆ. ವಿಂಡೋಸ್ ಅದರಲ್ಲೇ ಇತ್ತು. ಈಗ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿ, ಪೆನ್‌ಡ್ರೈವ್‌ನಿಂದ ಅದರ ಮೇಲೆ ವಿಂಡೋಸ್ 11 ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದೇನೆ. ಆಗ ಹಳೇ ಡಿಸ್ಕ್ ಕೂಡ ಜೋಡಿಸಿಯೇ ಇತ್ತು.

ಆನ್ ಮಾಡಿದರೆ ನೀಲಿ ಪರದೆ ಬಂದು ಎರಡು ವಿಂಡೋಸ್‌ನಲ್ಲಿ ಯಾವುದು ಬೇಕು ಅಂತ ಕೇಳುತ್ತದೆ. ಹೊಸದನ್ನು ಒತ್ತಿದರೆ ಚೆನ್ನಾಗಿ ತೆರೆದುಕೊಳ್ಳುತ್ತದೆ. ಆದರೆ ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ಸ್ ಪುಟಕ್ಕೆ) ಹೋಗಿ ಎಸ್‌ಎಸ್‌ಡಿಯನ್ನು ಮೊದಲ ಸ್ಥಾನಕ್ಕೆ ತರೋಣ ಅಂದರೆ ಬೂಟ್ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. 'ವಿಂಡೋಸ್ ಬೂಟ್ ಮ್ಯಾನೇಜರ್' ಅಂತ ಒಂದೇ ಸಾಲು, ಪಕ್ಕದಲ್ಲಿ ಹಳೇ ಡಿಸ್ಕಿನ ಮಾಡೆಲ್ ನಂಬರ್. ಸ್ಟೋರೇಜ್ ಪುಟದಲ್ಲಿ ಮಾತ್ರ ಎಸ್‌ಎಸ್‌ಡಿ ಕಾಣುತ್ತದೆ. ಹಳೇ ಡಿಸ್ಕಿನ ಕೇಬಲ್ ತೆಗೆದು ನೋಡಿದೆ, ಬೂಟ್ ಆಗುವ ಡಿಸ್ಕ್ ಸಿಗಲಿಲ್ಲ ಅನ್ನುತ್ತದೆ.

ನಾಳೆ ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಿ ಫೋಟೋ ಇಡುವುದಕ್ಕೆ ಬಳಸಬೇಕು. ಅದು ಖಾಲಿಯಾದರೆ ತಾನಾಗಿಯೇ ಎಸ್‌ಎಸ್‌ಡಿಯಿಂದ ಬೂಟ್ ಆಗುತ್ತದಾ?

ಜಂಪರ್:
ಆಗುವುದಿಲ್ಲ. ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಕೇಬಲ್ ತೆಗೆದಾಗ ಏನಾಯಿತೋ ಫಾರ್ಮ್ಯಾಟ್ ಮಾಡಿದ ಮೇಲೂ ಅದೇ ಆಗುತ್ತದೆ. ಕೇಬಲ್ ಆದರೆ ಮತ್ತೆ ಚುಚ್ಚಬಹುದು.

ತಾಮ್ರತಂತಿ:
ಬೂಟ್ ಪುಟದಲ್ಲಿ ಸಿಎಸ್‌ಎಂ ಅಂತ ಇರುತ್ತದೆ, ಹಳೇ ಬಯಾಸ್ ರೀತಿಯಲ್ಲಿ ಬೂಟ್ ಮಾಡಿಸುವ ಆಯ್ಕೆ. ಅದನ್ನು ಎನೇಬಲ್ ಮಾಡಿ. ನನ್ನ ಬೋರ್ಡಿನಲ್ಲೂ ಹೀಗೇ ಡಿಸ್ಕ್ ಕಾಣುತ್ತಿರಲಿಲ್ಲ. ಸಿಎಸ್‌ಎಂ ಹಾಕಿದ ತಕ್ಷಣ ಬಂತು.

ರಾತ್ರಿಪಾಳಿ:
ಸಿಎಸ್‌ಎಂ ಬೇಡ ಸ್ವಾಮಿ. ಅದನ್ನು ಹಾಕಿದರೆ ಡಿಸ್ಕಿನ ಹೆಸರು ಪಟ್ಟಿಗೆ ಬರಬಹುದು, ಆದರೆ ಅಲ್ಲಿಂದ ಬೂಟ್ ಆಗುವುದಿಲ್ಲ. ಕಾರಣ ಸ್ವಲ್ಪ ಉದ್ದ ಇದೆ, ಹೇಳುತ್ತೇನೆ.

ಹಳೇ ಬಯಾಸ್‌ಗೆ ಡಿಸ್ಕಿನಲ್ಲಿ ಗೊತ್ತಿದ್ದದ್ದು ಮೊದಲ 512 ಬೈಟ್ ಅಷ್ಟೇ. ಅದರಲ್ಲಿ 446 ಬೈಟ್ ಬೂಟ್ ಕೋಡ್, 64 ಬೈಟ್ ಪಾರ್ಟಿಶನ್ ಪಟ್ಟಿ, ಕೊನೆಯ 2 ಬೈಟ್ ಗುರುತು. ಅದನ್ನು ಓದಿ ಓಡಿಸುತ್ತಿತ್ತು, ಕೆಲಸ ಮುಗಿಯಿತು. ಆದ್ದರಿಂದ ಆಗ ಡಿಸ್ಕ್ ಆರಿಸಿದರೆ ಸಾಕಿತ್ತು.

ಈಗ ಅದರ ಜಾಗಕ್ಕೆ ಬಂದಿರುವ ಯುಇಎಫ್‌ಐ ಹಾಗಲ್ಲ. ಅದು ಡಿಸ್ಕನ್ನು ಹುಡುಕುವುದಿಲ್ಲ, ಒಂದು ಫೈಲನ್ನು ಹುಡುಕುತ್ತದೆ. ಆ ಫೈಲ್ ಇರುವುದು ಇಎಫ್‌ಐ ಸಿಸ್ಟಂ ಪಾರ್ಟಿಶನ್ ಅನ್ನುವ ಚಿಕ್ಕ ಫ್ಯಾಟ್32 ಜಾಗದಲ್ಲಿ. 'ಇಂಥ ಪಾರ್ಟಿಶನ್ನಿನ ಇಂಥ ಫೈಲ್' ಅಂತ ಒಂದು ಸಾಲು ಮದರ್‌ಬೋರ್ಡಿನ ನೆನಪಿನ ಚಿಪ್ಪಾದ ಎನ್‌ವಿರ‍್ಯಾಮ್‌ನಲ್ಲಿ ಬರೆದಿರುತ್ತದೆ. ನೀವು ಬೂಟ್ ಪುಟದಲ್ಲಿ ಮೇಲೆ ಕೆಳಗೆ ಮಾಡುವುದು ಈ ಸಾಲುಗಳನ್ನು, ಡಿಸ್ಕುಗಳನ್ನಲ್ಲ. ಎಸ್‌ಎಸ್‌ಡಿಯಲ್ಲಿ ಆ ಚಿಕ್ಕ ಪಾರ್ಟಿಶನ್ ಇಲ್ಲದಿದ್ದರೆ ಅದರ ಸಾಲು ಎಲ್ಲಿಂದ ಬರಬೇಕು?

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಯಾವ ಡಿಸ್ಕಿನಲ್ಲಿ ಏನೇನು ಕಾಣುತ್ತದೆ ಅಂತ ಹೇಳಿ. ಇಎಫ್‌ಐ ಅಂತ ಬರೆದ ಪೆಟ್ಟಿಗೆ ಹಳೇ ಡಿಸ್ಕಿನಲ್ಲೇ ಇರುತ್ತದೆ ಅಂತ ನನ್ನ ಅಂದಾಜು.

ಹೊಸಡಿಸ್ಕ್:
ನೋಡಿದೆ. ಡಿಸ್ಕ್ 0 ಹಳೇದು: ಮೊದಲಿಗೆ 100 ಎಂಬಿ, ಅದರ ಮೇಲೆ 'ಇಎಫ್‌ಐ ಸಿಸ್ಟಂ ಪಾರ್ಟಿಶನ್' ಅಂತ ಇದೆ. ಆಮೇಲೆ ಹಳೇ ವಿಂಡೋಸ್, ಕೊನೆಗೆ ರಿಕವರಿ. ಡಿಸ್ಕ್ 1 ಎಸ್‌ಎಸ್‌ಡಿ: ಸಿ ಡ್ರೈವ್ ಮತ್ತು ಒಂದು ರಿಕವರಿ. ಇಎಫ್‌ಐ ಅಂತ ಎಲ್ಲೂ ಇಲ್ಲ.

ಜಂಪರ್:
ಅಲ್ಲಿಗೆ ಗೊತ್ತಾಯಿತು. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಸೆಟಪ್‌ಗೆ ಹಳೇ ಡಿಸ್ಕಿನಲ್ಲಿ ಒಂದು ಇಎಫ್‌ಐ ಪಾರ್ಟಿಶನ್ ಸಿಕ್ಕಿತು. ಹೊಸದು ಮಾಡುವುದು ಬಿಟ್ಟು ಅದನ್ನೇ ಬಳಸಿಕೊಂಡಿತು. ಹೊಸ ವಿಂಡೋಸ್ ಇರುವುದು ಎಸ್‌ಎಸ್‌ಡಿಯಲ್ಲಿ, ಅದರ ಬಾಗಿಲು ಮಾತ್ರ ಹಳೇ ಡಿಸ್ಕಿನಲ್ಲಿ. ಅದಕ್ಕೇ ಎರಡು ವಿಂಡೋಸ್‌ನ ನೀಲಿ ಮೆನು ಬರುತ್ತಿರುವುದು.

ತಾಮ್ರತಂತಿ:
ಸರಿ, ಇದು ನನ್ನ ಕಂಪ್ಯೂಟರಿನ ಕಥೆಯಲ್ಲ, ಒಪ್ಪಿದೆ. ನನ್ನ ಡಿಸ್ಕ್ ಎಂಬಿಆರ್ ಆಗಿತ್ತು, ಅಂದರೆ ಆ ಮೊದಲ 512 ಬೈಟಿನ ಹಳೇ ಪದ್ಧತಿಯದು, ಅದಕ್ಕೆ ಸಿಎಸ್‌ಎಂ ಬೇಕೇ ಬೇಕಿತ್ತು. ಆದರೂ ಸಿಎಸ್‌ಎಂ ಅಂದ ತಕ್ಷಣ ಎಲ್ಲರೂ ಹೊಡೆಯಲು ಬರುತ್ತೀರಲ್ಲ, ಹಳೇ ಡಿಸ್ಕ್ ಇಟ್ಟುಕೊಂಡವರು ಏನು ಮಾಡಬೇಕು?

ರಾತ್ರಿಪಾಳಿ:
ಹಳೇ ಎಂಬಿಆರ್ ಡಿಸ್ಕಿಗೆ ಸಿಎಸ್‌ಎಂ ಸರಿಯೇ. ನನ್ನ ತಕರಾರು ಬೇರೆ. ಸಿಎಸ್‌ಎಂ ಹಾಕಿದರೆ, ಸಹಿ ಇಲ್ಲದ ಬೂಟ್ ಫೈಲ್ ತಡೆಯುವ ಸೆಕ್ಯೂರ್ ಬೂಟ್ ಹೋಗುತ್ತದೆ. ಹೊಸ ಬೋರ್ಡುಗಳಲ್ಲಿ ಸಿಎಸ್‌ಎಂ ಆಯ್ಕೆಯೇ ಇಲ್ಲದ್ದು ಜಾಸ್ತಿ. ಎಂಬಿಆರ್‌ಗೆ 2 ಟಿಬಿ ಮಿತಿಯೂ ಇದೆ. ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಅನ್ನುವ ಟೂಲ್ ಜೊತೆಗೇ ಬರುತ್ತದೆ. ಡೇಟಾ ಅಳಿಸದೆ ಡಿಸ್ಕನ್ನು ಯುಇಎಫ್‌ಐ ಬಳಸುವ ಜಿಪಿಟಿ ಪದ್ಧತಿಗೆ ಬದಲಿಸಿ, ಇಎಫ್‌ಐ ಪಾರ್ಟಿಶನ್ನನ್ನೂ ಅದೇ ಹಾಕುತ್ತದೆ. ಬ್ಯಾಕಪ್ ತೆಗೆದುಕೊಂಡು ಒಮ್ಮೆ ಪ್ರಯತ್ನಿಸಿ. ಮೊದಲು ವ್ಯಾಲಿಡೇಟ್ ಆಯ್ಕೆ ಕೊಟ್ಟು ಓಡಿಸಿ, ಆಗುತ್ತದೋ ಇಲ್ಲವೋ ಅದೇ ಹೇಳುತ್ತದೆ.

ನೇರಮಾತು:
ಇಷ್ಟೆಲ್ಲ ಯಾಕೆ? ಹಳೇ ಡಿಸ್ಕಿನ ಕೇಬಲ್ ತೆಗೆಯಿರಿ. ಎಸ್‌ಎಸ್‌ಡಿಯ ಪಾರ್ಟಿಶನ್ ಎಲ್ಲ ಅಳಿಸಿ ವಿಂಡೋಸ್ ಮತ್ತೆ ಹಾಕಿ. ಒಂದೇ ಡಿಸ್ಕ್ ಇದ್ದಾಗ ಸೆಟಪ್ ಎಲ್ಲವನ್ನೂ ಅದರಲ್ಲೇ ಮಾಡುತ್ತದೆ. ಸ್ವಚ್ಛ ಕೆಲಸ.

ಹೊಸಡಿಸ್ಕ್:
ಸಾಫ್ಟ್‌ವೇರ್ ಎಲ್ಲ ಹಾಕಿ, ಲೈಸೆನ್ಸ್ ಕೊಟ್ಟು ಮುಗಿಸಿದ್ದೇನೆ. ಮತ್ತೆ ಹಾಕದೆ ದಾರಿ ಇದ್ದರೆ ಅದೇ ಬೇಕು.

ರಾತ್ರಿಪಾಳಿ:
ಇದೆ, ಬೂಟ್ ಫೈಲ್‌ಗಳನ್ನು ಬರೆದುಕೊಡುವ ಬಿಸಿಡಿಬೂಟ್. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಎಸ್‌ಎಸ್‌ಡಿಯ ವಿಂಡೋಸ್‌ಗೆ ಹೋಗಿ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ.

'ಡಿಸ್ಕ್‌ಪಾರ್ಟ್' ಕೊಡಿ, ಆಮೇಲೆ 'ಲಿಸ್ಟ್ ಡಿಸ್ಕ್'. ಅಳತೆ ನೋಡಿ ಎಸ್‌ಎಸ್‌ಡಿ ಯಾವುದು ಅಂತ ಖಚಿತ ಮಾಡಿಕೊಳ್ಳಿ. 500 ಜಿಬಿ ಡಿಸ್ಕ್ ಅಲ್ಲಿ 465 ಜಿಬಿ ಅಂತ ಕಾಣುತ್ತದೆ, ಗಾಬರಿಯಾಗಬೇಡಿ. 'ಸೆಲೆಕ್ಟ್ ಡಿಸ್ಕ್ 1', 'ಲಿಸ್ಟ್ ಪಾರ್ಟಿಶನ್'. ಅಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೋರಿಸದ 16 ಎಂಬಿಯ ರಿಸರ್ವ್ಡ್ ಪಾರ್ಟಿಶನ್ ಒಂದು ಇರಬಹುದು, ಅದನ್ನು ಮುಟ್ಟಬೇಡಿ. ದೊಡ್ಡದನ್ನು, ಅಂದರೆ ಸಿ ಇರುವ ಪಾರ್ಟಿಶನ್ನನ್ನು, ಸೆಲೆಕ್ಟ್ ಮಾಡಿ 'ಶ್ರಿಂಕ್ ಡಿಸೈರ್ಡ್=300'. ಸಿ ಡ್ರೈವಿನ ತುದಿಯಲ್ಲಿ 300 ಎಂಬಿ ಖಾಲಿಯಾಗುತ್ತದೆ. ಆಮೇಲೆ 'ಕ್ರಿಯೇಟ್ ಪಾರ್ಟಿಶನ್ ಇಎಫ್‌ಐ', 'ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಫ್ಯಾಟ್32', 'ಅಸೈನ್ ಲೆಟರ್=ಎಸ್', 'ಎಕ್ಸಿಟ್'.

ಈಗ ಮುಖ್ಯ ಸಾಲು: 'ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ'. ಬೂಟ್ ಫೈಲ್‌ಗಳು ಯಶಸ್ವಿಯಾಗಿ ತಯಾರಾದವು ಅಂತ ಬಂದರೆ ಮುಗಿಯಿತು. ಕಂಪ್ಯೂಟರ್ ಆಫ್ ಮಾಡಿ, ಹಳೇ ಡಿಸ್ಕಿನ ಕೇಬಲ್ ತೆಗೆದು ಆನ್ ಮಾಡಿ. ಆಗ ಎದ್ದರೆ ಮಾತ್ರ ಹಳೇ ಡಿಸ್ಕಿನ ಮೇಲೆ ಕೈ ಇಡಿ.

ನೇರಮಾತು:
ಇದು ಹೊಸಬರಿಗೆ ಹೇಳುವ ಮಾತಾ? ಡಿಸ್ಕ್‌ಪಾರ್ಟ್‌ನಲ್ಲಿ ಒಂದು ನಂಬರ್ ತಪ್ಪಿದರೆ ಬೇರೆ ಡಿಸ್ಕಿಗೆ ಕುತ್ತು. ಮತ್ತೆ ಇನ್‌ಸ್ಟಾಲ್ ಮಾಡಿದರೆ ಹೆಚ್ಚೆಂದರೆ ಸಮಯ ಹೋಗುತ್ತದೆ, ಅಷ್ಟೇ.

ರಾತ್ರಿಪಾಳಿ:
ಮೇಲಿನ ಸಾಲುಗಳಲ್ಲಿ 'ಕ್ಲೀನ್' ಆಗಲಿ 'ಡಿಲೀಟ್' ಆಗಲಿ ಇದೆಯಾ ನೋಡಿ. ಇಲ್ಲ. ಶ್ರಿಂಕ್ ಡೇಟಾ ಅಳಿಸುವುದಿಲ್ಲ, ಪಾರ್ಟಿಶನ್ ಮಾಡುವುದು ಖಾಲಿ ಜಾಗದಲ್ಲಿ. ಫಾರ್ಮ್ಯಾಟ್ ಸಾಲಿಗೆ ಮೊದಲು ಮತ್ತೊಮ್ಮೆ 'ಲಿಸ್ಟ್ ಪಾರ್ಟಿಶನ್' ಕೊಡಿ. 300 ಎಂಬಿಯ ಎದುರು ನಕ್ಷತ್ರದ ಗುರುತು ಇದ್ದರೆ ಅದೇ ಆಯ್ಕೆಯಾಗಿದೆ ಅಂತ ಅರ್ಥ. ಆ ಗುರುತು ನೋಡದೆ ಎಂಟರ್ ಒತ್ತಬೇಡಿ. ಅವರು ಲೈಸೆನ್ಸ್ ಎಲ್ಲ ಹಾಕಿ ಮುಗಿಸಿದ್ದಾರೆ, ಸುಮ್ನೆ ಅಳಿಸಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಬೀಗದಕೈ:
ಎರಡೂ ದಾರಿಗೆ ಮೊದಲು ಒಂದು ಮಾತು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದೆಯಾ ನೋಡಿಕೊಳ್ಳಿ. ವಿಂಡೋಸ್ 11ರ 24ಎಚ್2 ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆದರೆ ಎನ್‌ಕ್ರಿಪ್ಶನ್ ತಾನಾಗಿ ಶುರುವಾಗುವುದುಂಟು. ನೀವು ಆನ್ ಮಾಡಿದ ನೆನಪೇ ಇರುವುದಿಲ್ಲ. ಆಮೇಲೆ ಸೆಕ್ಯೂರ್ ಬೂಟ್ ಅಥವಾ ಬೂಟ್ ದಾರಿ ಬದಲಾದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಆ ಡಿಸ್ಕಿನ ಡೇಟಾ ಯಾರ ಕೈಗೂ ಬರುವುದಿಲ್ಲ. ಅಕೌಂಟ್ ಪುಟದಿಂದ ಕೀ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯಾಸ್ ಮುಟ್ಟುವ ಮೊದಲು ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ.

ಮೂರುಸಂಜೆ:
ಇದು ನಿಜವಾಗಲೂ ಮುಖ್ಯ. ನನ್ನ ತಂಗಿಯ ಲ್ಯಾಪ್‌ಟಾಪ್ ಬಯಾಸ್ ಅಪ್‌ಡೇಟ್ ಆದ ಮೇಲೆ ನೇರವಾಗಿ ಆ ಕೀ ಕೇಳುವ ನೀಲಿ ಪುಟಕ್ಕೇ ಬಂತು. ಪರೀಕ್ಷೆಯ ಪ್ರಾಜೆಕ್ಟ್ ಎಲ್ಲ ಅದರಲ್ಲೇ ಇತ್ತು. ಯಾವ ಇಮೇಲ್‌ನಿಂದ ಲಾಗಿನ್ ಆಗಿದ್ದಳು ಅಂತ ನೆನಪು ಮಾಡಿಕೊಳ್ಳುವುದಕ್ಕೇ ಒಂದು ಸಂಜೆ ಹೋಯಿತು. ಕೊನೆಗೆ ಕೀ ಸಿಕ್ಕಿತು.

ಪೆಂಗ್ವಿನ್‌ಗೆಳತಿ:
ಲಿನಕ್ಸ್‌ನಲ್ಲೂ ಇದೇ ಪಾಡು ಕಂಡಿದ್ದೇನೆ. ಎರಡನೇ ಡಿಸ್ಕಿಗೆ ಲಿನಕ್ಸ್ ಹಾಕುತ್ತೀರಿ, ಅದನ್ನು ಏಳಿಸುವ ಬೂಟ್‌ಲೋಡರ್ ಗ್ರಬ್ ಹೋಗಿ ಮೊದಲ ಡಿಸ್ಕಿನ ಇಎಫ್‌ಐ ಪಾರ್ಟಿಶನ್ನಿನಲ್ಲಿ ಕೂರುತ್ತದೆ. ಆ ಡಿಸ್ಕ್ ತೆಗೆದ ದಿನ ಎರಡೂ ಇಲ್ಲ. ಇನ್‌ಸ್ಟಾಲ್ ಮಾಡುವಾಗ ಬೇರೆ ಡಿಸ್ಕ್ ಕಳಚಿಡುವುದೇ ಒಳ್ಳೇದು. ಈ ವಿಷಯದಲ್ಲಿ ನೇರಮಾತು ಅವರ ಪರ ನಾನು.

ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ 'ಇಎಫ್‌ಐಬೂಟ್‌ಎಂಜಿಆರ್' ಕೊಟ್ಟರೆ ಎನ್‌ವಿರ‍್ಯಾಮ್‌ನ ಸಾಲುಗಳೆಲ್ಲ ಕಾಣುತ್ತವೆ. ಬೂಟ್0000, ಬೂಟ್0001 ಹೀಗೆ, ಮೇಲೆ ಬೂಟ್‌ಆರ್ಡರ್. ಹೈಫನ್ ಓ ಕೊಟ್ಟು ಕ್ರಮ ಬದಲಿಸಬಹುದು. ಹೈಫನ್ ಎನ್ ಕೊಟ್ಟರೆ ಮುಂದಿನ ಒಂದು ಸಲಕ್ಕೆ ಮಾತ್ರ ಬೇರೆ ಸಾಲಿನಿಂದ ಏಳುತ್ತದೆ, ಆಮೇಲೆ ಹಳೇ ಕ್ರಮ. ಹೊಸ ಡಿಸ್ಕ್ ಪರೀಕ್ಷೆ ಮಾಡುವುದಕ್ಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಬಯಾಸ್ ಪುಟಕ್ಕೆ ಹೋಗುವುದೂ ಬೇಡ.

ಜಂಪರ್:
ವಿಂಡೋಸ್‌ನವರಿಗೂ ಹಾಗೆ ಒಂದು ಇದೆ. ಬಹಳ ಬೋರ್ಡುಗಳಲ್ಲಿ 'ಸೇವ್ ಆಂಡ್ ಎಕ್ಸಿಟ್' ಪುಟದ ಕೆಳಗೆ 'ಬೂಟ್ ಓವರ್‌ರೈಡ್' ಇರುತ್ತದೆ. ಅಲ್ಲಿ ಒಂದು ಹೆಸರು ಒತ್ತಿದರೆ ಆ ಸಲಕ್ಕೆ ಮಾತ್ರ ಅಲ್ಲಿಂದ ಬೂಟ್. ಕ್ರಮ ಬದಲಾಗುವುದಿಲ್ಲ.

ಎಫ್12:
ನಾನು ಬೇರೆ ಸಮಸ್ಯೆ ಇಟ್ಟುಕೊಂಡು ಕೂತಿದ್ದೇನೆ, ಇಲ್ಲೇ ಕೇಳಬಹುದಾ? ಏಸರ್ ಲ್ಯಾಪ್‌ಟಾಪ್. ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕು. ಎಫ್12 ಎಷ್ಟು ಕುಟ್ಟಿದರೂ ನೇರ ವಿಂಡೋಸ್‌ಗೇ ಹೋಗುತ್ತದೆ.

ಮೌನಿ:
ಎಫ್2 ಒತ್ತಿ ಒಳಗೆ ಹೋಗಿ. ಮೇನ್ ಪುಟದಲ್ಲಿ 'ಎಫ್12 ಬೂಟ್ ಮೆನು' ಡಿಸೇಬಲ್ಡ್ ಅಂತ ಇರುತ್ತದೆ. ಎನೇಬಲ್ ಮಾಡಿ, ಎಫ್10 ಒತ್ತಿ ಸೇವ್ ಮಾಡಿ.

ಎಫ್12:
ಎಫ್2 ಕೂಡ ಹಿಡಿಯುತ್ತಿಲ್ಲ. ಲೋಗೋ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ.

ಪೆಂಗ್ವಿನ್‌ಗೆಳತಿ:
ಹಾಗಾದರೆ ಕೀಲಿ ಹಿಂದೆ ಓಡಬೇಡಿ. ವಿಂಡೋಸ್ ಒಳಗಿಂದಲೇ ಹೋಗಿ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಒತ್ತಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಅದೇ ನೀಲಿ ಪುಟದಲ್ಲಿ 'ಯೂಸ್ ಎ ಡಿವೈಸ್' ಅಂತ ಬಂದರೆ ಅಲ್ಲಿಂದ ನೇರವಾಗಿ ಪೆನ್‌ಡ್ರೈವ್ ಆರಿಸಬಹುದು.

ವಿಂಡೋಸ್‌ನಲ್ಲಿ ಶಟ್‌ಡೌನ್ ಅಂದರೆ ಪೂರ್ತಿ ಆಫ್ ಅಲ್ಲ, ಗೊತ್ತಲ್ವಾ? ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ವಿಂಡೋಸ್‌ನ ತಿರುಳಾದ ಕರ್ನಲ್ಲನ್ನು ಡಿಸ್ಕಿಗೆ ಬರೆದು ಮಲಗುತ್ತದೆ. ಪೂರ್ತಿ ಎದ್ದು ಬರುವುದು ರೀಸ್ಟಾರ್ಟ್ ಕೊಟ್ಟಾಗ. ಬಯಾಸ್‌ನ ಫಾಸ್ಟ್ ಬೂಟ್ ಇದಕ್ಕಿಂತ ಬೇರೆ. ಅದು ಆನ್ ಇದ್ದರೆ ಕೆಲವು ಬೋರ್ಡುಗಳು ಏಳುವಾಗ ಯುಎಸ್‌ಬಿ ಕೀಬೋರ್ಡನ್ನೇ ನೋಡುವುದಿಲ್ಲ.

ಹಳೇಕೀಬೋರ್ಡ್:
ಕೀಲಿಗಳ ಗೊಂದಲ ಇದ್ದೇ ಇದೆ. ಡೆಲ್‌ಗೆ ಎಫ್12. ಎಚ್‌ಪಿಗೆ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಥಿಂಕ್‌ಪ್ಯಾಡ್‌ಗೆ ಎಫ್12. ಬೇರೆ ಕೆಲವು ಲೆನೊವೊಗಳಲ್ಲಿ ಪಿನ್ ಚುಚ್ಚಿ ಒತ್ತುವ ನೋವೋ ಬಟನ್. ಆಸೂಸ್ ಬೋರ್ಡಿಗೆ ಎಫ್8, ಅವರದೇ ಲ್ಯಾಪ್‌ಟಾಪ್‌ಗೆ ಎಸ್ಕೇಪ್. ಎಂಎಸ್‌ಐ ಮತ್ತು ಎಎಸ್‌ರಾಕ್ ಬೋರ್ಡಿಗೆ ಎಫ್11, ಗಿಗಾಬೈಟ್‌ಗೆ ಎಫ್12. ಇವೆಲ್ಲ ಬೂಟ್ ಮೆನುವಿಗೆ, ಸೆಟ್ಟಿಂಗ್ಸ್‌ಗೆ ಸಾಮಾನ್ಯವಾಗಿ ಡಿಲೀಟ್ ಅಥವಾ ಎಫ್2. ಎಲ್ಲರೂ ಕೂತು ಒಂದೇ ಕೀಲಿ ಅಂತ ಒಪ್ಪಿಕೊಳ್ಳಬಹುದಿತ್ತು. ಇಷ್ಟು ವರ್ಷವಾದರೂ ಆಗಲಿಲ್ಲ ಅನ್ನುವುದು ನನಗೆ ಬೇಸರ.

ಎಫ್12:
ಶಿಫ್ಟ್ ರೀಸ್ಟಾರ್ಟ್ ಕೆಲಸ ಮಾಡಿತು, ಮೆನು ಬಂತು! ಆದರೆ ಈಗ ಲಿನಕ್ಸ್ ಇನ್‌ಸ್ಟಾಲರ್ ಒಳಗೆ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯೇ ಕಾಣುತ್ತಿಲ್ಲ. ಪೆನ್‌ಡ್ರೈವ್ ಒಂದೇ ಇದೆ.

ಬೀಗದಕೈ:
ಇಂಟೆಲ್ ಪ್ರೊಸೆಸರಾ? ಹಾಗಾದರೆ ಡಿಸ್ಕನ್ನು ಇಂಟೆಲ್‌ನದೇ ಡ್ರೈವರ್ ಮೂಲಕ ನಡೆಸುವ ವಿಎಂಡಿ ಅಥವಾ ಆರ್‌ಎಸ್‌ಟಿ ಆನ್ ಇರಬೇಕು. ಕೆಲವು ಏಸರ್‌ಗಳಲ್ಲಿ ಆ ಸಾಲು ಅಡಗಿರುತ್ತದೆ. ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಹೊರಬರುತ್ತದೆ.

ಆದರೆ ವಿಂಡೋಸ್ ಉಳಿಸಿಕೊಳ್ಳಬೇಕು ಅಂದರೆ ನೇರವಾಗಿ ಆಫ್ ಮಾಡಬೇಡಿ. ಮಾಡಿದರೆ ವಿಂಡೋಸ್ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಡಿಸ್ಕ್ ಅಲ್ಲೇ ಇದೆ, ಮಾತಾಡುವ ಡ್ರೈವರ್ ಬೇರೆಯಾಯಿತು, ಅಷ್ಟೇ. ಮೊದಲು ವಿಂಡೋಸ್‌ನ ಎಂಎಸ್‌ಕಾನ್‌ಫಿಗ್‌ನಲ್ಲಿ ಬೂಟ್ ಪುಟಕ್ಕೆ ಹೋಗಿ ಸೇಫ್ ಬೂಟ್ ಮಿನಿಮಲ್ ಟಿಕ್ ಮಾಡಿ. ರೀಸ್ಟಾರ್ಟ್, ಬಯಾಸ್‌ಗೆ ಹೋಗಿ ವಿಎಂಡಿ ಆಫ್. ಸೇಫ್ ಮೋಡಿನಲ್ಲಿ ಎದ್ದ ವಿಂಡೋಸ್ ಸರಿಯಾದ ಡ್ರೈವರ್ ಹಾಕಿಕೊಳ್ಳುತ್ತದೆ. ಆಮೇಲೆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್. ಸೇಫ್ ಮೋಡಿನಲ್ಲಿ ಪಿನ್ ಲಾಗಿನ್ ನಡೆಯದೆ ಇರಬಹುದು, ಅಕೌಂಟಿನ ಪೂರ್ತಿ ಪಾಸ್‌ವರ್ಡ್ ಗೊತ್ತಿರಲಿ. ಬಿಟ್‌ಲಾಕರ್ ಕೀ ಮಾತು ನಿಮಗೂ ಅನ್ವಯಿಸುತ್ತದೆ.

ಬೆಸುಗೆ:
ವಿಷಯ ಸ್ವಲ್ಪ ಬಿಟ್ಟು ಹೇಳುತ್ತೇನೆ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನಲ್ಲಿ ಈ ಬೂಟ್ ಪುಟವೇ ಇಲ್ಲ. ಪೈ 4ರಲ್ಲಿ ಬೂಟ್ ಕ್ರಮ ಈಪ್ರಾಮ್ ಅನ್ನುವ ಚಿಪ್ಪಿನಲ್ಲಿ ಒಂದು ಸಂಖ್ಯೆಯಾಗಿ ಇರುತ್ತದೆ, 0ಎಕ್ಸ್‌ಎಫ್41 ಅಂತ. ಬಲದಿಂದ ಎಡಕ್ಕೆ ಓದಬೇಕು. 1 ಅಂದರೆ ಎಸ್‌ಡಿ ಕಾರ್ಡ್, 4 ಅಂದರೆ ಯುಎಸ್‌ಬಿ, ಎಫ್ ಅಂದರೆ ಮತ್ತೆ ಮೊದಲಿನಿಂದ. 6 ಅಂದರೆ ಎನ್‌ವಿಎಂಇ. ಪೈ 5ರಲ್ಲಿ 0ಎಕ್ಸ್‌ಎಫ್416 ಹಾಕಿದರೆ ಮೊದಲು ಎನ್‌ವಿಎಂಇ ನೋಡುತ್ತದೆ. ಒಂದೇ ಸಾಲಿನಲ್ಲಿ ಎಲ್ಲ ಇದೆ, ನನಗೆ ಬಹಳ ಇಷ್ಟ.

ತಾಮ್ರತಂತಿ:
ಬಲದಿಂದ ಎಡಕ್ಕೆ! ಅದು ಯಾರಿಗೆ ಹೊಳೆಯಬೇಕು? ನನಗೆ ಪುಟವೇ ಇರಲಿ.

ಮೂರುಸಂಜೆ:
ನನ್ನದೂ ಒಂದು ಪ್ರಶ್ನೆ. ಬೂಟ್ ಕ್ರಮ ಸರಿ ಮಾಡಿ ಎಫ್10 ಒತ್ತಿದರೂ, ಪ್ಲಗ್ ತೆಗೆದು ಹಾಕಿದ ಮರುದಿನ ಮತ್ತೆ ಹಳೇ ಕ್ರಮಕ್ಕೇ ಬರುತ್ತದೆ. ಗಡಿಯಾರವೂ ತಪ್ಪಾಗಿರುತ್ತದೆ.

ಜಂಪರ್:
ಗಡಿಯಾರ ತಪ್ಪಿದೆ ಅಂದಮೇಲೆ ಬ್ಯಾಟರಿ. ಬೋರ್ಡಿನ ಮೇಲೆ ನಾಣ್ಯದಂಥ ಸಿಆರ್2032 ಇರುತ್ತದೆ, 3 ವೋಲ್ಟ್. ಪ್ಲಗ್ ತೆಗೆದು ಬದಲಿಸಿ. ಆಮೇಲೆ ತಾರೀಕು, ಬೂಟ್ ಕ್ರಮ, ಸ್ಯಾಟಾ ಮೋಡ್ ಮೂರನ್ನೂ ಮತ್ತೆ ನೋಡಿಕೊಳ್ಳಿ. ಡೀಫಾಲ್ಟ್‌ಗೆ ಹೋದಾಗ ಸ್ಯಾಟಾ ಮೋಡ್ ಬದಲಾದರೆ ಬೀಗದಕೈ ಹೇಳಿದ ಅದೇ ನೀಲಿ ಪರದೆ ಬರುತ್ತದೆ.

ಹೊಸಡಿಸ್ಕ್:
ಆಯಿತು!! ರಾತ್ರಿಪಾಳಿ ಹೇಳಿದ ಹಾಗೆ ಒಂದೊಂದೇ ಸಾಲು ಕೊಟ್ಟೆ. ಬಿಟ್‌ಲಾಕರ್ ಆನ್ ಆಗಿಯೇ ಇತ್ತು, ನನಗೆ ಗೊತ್ತೇ ಇರಲಿಲ್ಲ. ಕೀ ಬರೆದಿಟ್ಟುಕೊಂಡು ಸಸ್ಪೆಂಡ್ ಮಾಡಿ ಶುರು ಮಾಡಿದೆ. 'ಲಿಸ್ಟ್ ಪಾರ್ಟಿಶನ್' ಕೊಟ್ಟಾಗ 16 ಎಂಬಿಯದು ನಿಜವಾಗಲೂ ಇತ್ತು. 300 ಎಂಬಿಯ ಎದುರು ನಕ್ಷತ್ರ ನೋಡಿಯೇ ಫಾರ್ಮ್ಯಾಟ್ ಕೊಟ್ಟೆ.

ಈಗ ಬೂಟ್ ಪುಟದಲ್ಲಿ ಎಸ್‌ಎಸ್‌ಡಿಯ ಹೆಸರಿರುವ ಸಾಲು ಬಂದಿದೆ. ಅದನ್ನು ಮೇಲಕ್ಕೆ ತಂದೆ. ಹಳೇ ಡಿಸ್ಕಿನ ಕೇಬಲ್ ತೆಗೆದು ಆನ್ ಮಾಡಿದೆ, ನೀಲಿ ಮೆನು ಇಲ್ಲದೆ ಸೀದಾ ವಿಂಡೋಸ್! ಬೀಗದಕೈ ಅವರಿಗೂ ದೊಡ್ಡ ಧನ್ಯವಾದ. ಇನ್ನು ಹಳೇ ಡಿಸ್ಕ್ ಖಾಲಿ ಮಾಡಬಹುದಾ?

ನೇರಮಾತು:
ಒಳ್ಳೇದಾಯಿತು. ಮತ್ತೆ ಇನ್‌ಸ್ಟಾಲ್ ಮಾಡದೆ ಆಗಿದ್ದು ನೋಡಿ ಖುಷಿ. ಬಿಟ್‌ಲಾಕರ್ ಮತ್ತೆ ರಿಸ್ಯೂಮ್ ಮಾಡುವುದು ಮರೆಯಬೇಡಿ.

ರಾತ್ರಿಪಾಳಿ:
ಈಗ ಮಾಡಬಹುದು, ಅದರ ಫೈಲ್‌ಗಳು ಬೇರೆ ಕಡೆ ಇದ್ದರೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಹಳೇ 100 ಎಂಬಿಯನ್ನು ಅಳಿಸಲು ಬಿಡುವುದಿಲ್ಲ, ಡಿಸ್ಕ್‌ಪಾರ್ಟ್‌ನ 'ಕ್ಲೀನ್' ಬೇಕು. ಅದು ಕೇಳದೆ ಇಡೀ ಡಿಸ್ಕಿನ ಪಾರ್ಟಿಶನ್‌ಗಳನ್ನು ಅಳಿಸುತ್ತದೆ, ಇಲ್ಲಿ ಮಾತ್ರ ನೇರಮಾತು ಹೇಳಿದ ಎಚ್ಚರ ಪೂರ್ತಿ ಬೇಕು. ಕೇಬಲ್ ಮತ್ತೆ ಹಾಕಿದ ಮೇಲೆ ಡಿಸ್ಕ್ ನಂಬರ್ ಅದಲುಬದಲಾಗಿರಬಹುದು. ಮೊದಲಿನ ನಂಬರ್ ನಂಬಬೇಡಿ. 931 ಜಿಬಿ ಅಂತ ಕಾಣುವುದು ಹಳೇದು, 465 ಅಂತ ಕಾಣುವುದು ಎಸ್‌ಎಸ್‌ಡಿ.

ಕ್ಲೋನಿ:
ತಡವಾಗಿ ಬಂದೆ. ಇನ್‌ಸ್ಟಾಲ್ ಬದಲು ಡಿಸ್ಕ್ ಕ್ಲೋನ್ ಮಾಡುವವರು ಇದನ್ನು ಓದಿದರೆ ಒಂದು ಸೇರಿಸುತ್ತೇನೆ. ತದ್ರೂಪ ಕ್ಲೋನ್ ಆದಾಗ ಎರಡೂ ಡಿಸ್ಕಿನ ಗುರುತಿನ ಸಂಖ್ಯೆ ಒಂದೇ ಆಗಿಬಿಡುತ್ತದೆ. ಎರಡನ್ನೂ ಜೋಡಿಸಿಟ್ಟು ಆನ್ ಮಾಡಿದರೆ ಯಾವುದರಿಂದ ಎದ್ದಿತು ಅಂತ ತಿಳಿಯುವುದು ಕಷ್ಟ, ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿ ಇಡುತ್ತದೆ. ಕ್ಲೋನ್ ಆದ ಮೇಲೆ ಮೊದಲ ಸಲ ಹೊಸ ಡಿಸ್ಕ್ ಒಂದನ್ನೇ ಇಟ್ಟು ಆನ್ ಮಾಡಿ.

ಹಳೇಕೀಬೋರ್ಡ್:
ಇನ್ನೊಂದು. ಬೋರ್ಡ್ ಬಹಳ ಹಳೇದಾದರೆ, ಇಂಟೆಲ್‌ನಲ್ಲಿ 2014ರ 9 ಸರಣಿ ಚಿಪ್‌ಸೆಟ್‌ಗಿಂತ ಹಿಂದಿನದಾದರೆ, ಎನ್‌ವಿಎಂಇಯಿಂದ ಬೂಟ್ ಮಾಡುವುದು ಬಯಾಸ್‌ಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ವಿಂಡೋಸ್ ಒಳಗೆ ಡಿಸ್ಕ್ ಕಾಣುತ್ತದೆ, ಬೂಟ್ ಪಟ್ಟಿಯಲ್ಲಿ ಕಾಣುವುದಿಲ್ಲ. ಅಂಥ ಬೋರ್ಡಿಗೆ ಸ್ಯಾಟಾ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಕ್ಲೋವರ್ ಅನ್ನುವ ಬೂಟ್‌ಲೋಡರನ್ನು ಪೆನ್‌ಡ್ರೈವ್‌ಗೆ ಹಾಕಿ ಅದರ ಮೂಲಕ ಏಳಿಸುವವರೂ ಇದ್ದಾರೆ, ಆದರೆ ಆ ಪೆನ್‌ಡ್ರೈವ್ ಸದಾ ಚುಚ್ಚಿರಬೇಕು.

ಎಫ್12:
ವಿಎಂಡಿ ಆಫ್ ಮಾಡಿದೆ, ಸೇಫ್ ಮೋಡ್ ದಾರಿಯಲ್ಲೇ. ವಿಂಡೋಸ್ ಸರಿಯಾಗಿ ಎದ್ದಿತು, ಲಿನಕ್ಸ್ ಇನ್‌ಸ್ಟಾಲರ್‌ನಲ್ಲೂ ಎಸ್‌ಎಸ್‌ಡಿ ಬಂತು. ಪಿನ್ ನಿಜವಾಗಲೂ ಹಿಡಿಯಲಿಲ್ಲ, ಪಾಸ್‌ವರ್ಡ್ ಬೇಕಾಯಿತು. ಈಗ ಇರುವ ಇಎಫ್‌ಐ ಪಾರ್ಟಿಶನ್ನನ್ನೇ ಲಿನಕ್ಸ್‌ಗೂ ಬಳಸಲಾ, ಬೇರೆ ಮಾಡಲಾ?

ಪೆಂಗ್ವಿನ್‌ಗೆಳತಿ:
ಒಂದೇ ಡಿಸ್ಕ್ ಆದ್ದರಿಂದ ಅದನ್ನೇ ಬಳಸಿ. ಮೌಂಟ್ ಜಾಗ /ಬೂಟ್/ಇಎಫ್‌ಐ ಕೊಡಿ, ಫಾರ್ಮ್ಯಾಟ್ ಟಿಕ್ ಖಾಲಿ ಬಿಡಿ. ಅಲ್ಲಿ ಮೈಕ್ರೋಸಾಫ್ಟ್ ಅಂತ ಒಂದು ಫೋಲ್ಡರ್ ಇರುತ್ತದೆ, ಅದರ ಪಕ್ಕದಲ್ಲಿ ನಿಮ್ಮ ಲಿನಕ್ಸ್‌ನದು ಒಂದು ಬರುತ್ತದೆ. ಮುಗಿದ ಮೇಲೆ 'ಇಎಫ್‌ಐಬೂಟ್‌ಎಂಜಿಆರ್' ಕೊಟ್ಟು ಎರಡೂ ಸಾಲು ಇವೆಯಾ ನೋಡಿ ಇಲ್ಲಿ ಹಾಕಿ.